ಟಿಕೆಟ್‌ನ ಬೆಲೆ ನಿಗದಿಯಾಗುವುದು ರಜೆಯ ಅರ್ಜಿಯಲ್ಲಿ: ಗಲ್ಫ್‌ನ ಕರಾವಳಿ ಬಂಧುಗಳಿಗೊಂದು ಬಹಿರಂಗ ಪತ್ರ

ಗಲ್ಫ್ ದೇಶಗಳಲ್ಲಿ ದುಡಿಯುತ್ತಿರುವ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ, ಕಾಸರಗೋಡಿನ ಬಂಧುಗಳೇ,

ಬೇಸಿಗೆ ರಜೆ ಹತ್ತಿರ ಬಂತೆಂದರೆ ದುಬೈ, ಅಬುಧಾಬಿ, ದೋಹಾ, ಕುವೈತ್, ಮಸ್ಕತ್‌ಗಳಲ್ಲಿರುವ ನಮ್ಮವರ ಮನೆಗಳಲ್ಲಿ ಮಾತೆಲ್ಲ ಮಂಗಳೂರಿನ ಟಿಕೆಟ್‌ನದೇ. ದುಬೈಯಿಂದ ಮಂಗಳೂರಿನ ಬಜಪೆ ನಿಲ್ದಾಣಕ್ಕೆ ಹಾರಾಟ ಮೂರೂವರೆ ಗಂಟೆಯಷ್ಟು. ಆದರೂ ಗಂಡ, ಹೆಂಡತಿ, ಎರಡು ಮಕ್ಕಳ ಒಂದು ಸಂಸಾರ ಜುಲೈಯಲ್ಲಿ ಊರಿಗೆ ಹೋಗಿ ಆಗಸ್ಟ್ ಕೊನೆಗೆ ಮರಳುವ ಹೊತ್ತಿಗೆ ತಿಂಗಳುಗಟ್ಟಲೆ ಉಳಿಸಿದ ಹಣ ಕರಗಿರುತ್ತದೆ. ಈ ಸಂಕಟಕ್ಕೆ ಪರಿಹಾರವೆಂದು ಹರಿದಾಡುವ ಸಲಹೆಗಳಿಗೆ ಲೆಕ್ಕವಿಲ್ಲ: ಮಂಗಳವಾರ ನಡುರಾತ್ರಿ ಹುಡುಕಿ, ಫೋನಿನ ಗುರುತು ಮುಚ್ಚಿ ಹುಡುಕಿ, ಕೊನೆಯ ವಾರದವರೆಗೆ ಕಾಯಿರಿ. ಹುಡುಕುವ ಜಾಣತನದಲ್ಲೇ ಅಗ್ಗದ ಟಿಕೆಟ್ ಇದೆ ಎಂಬುದು ಇವೆಲ್ಲದರ ಹಿಂದಿನ ನಂಬಿಕೆ. ಆ ನಂಬಿಕೆಯೇ ನಮಗೆ ಹೆಚ್ಚು ನಷ್ಟ ಮಾಡುತ್ತಿದೆ ಎಂದು ಹೇಳಲು ಈ ಪತ್ರ ಬರೆಯುತ್ತಿದ್ದೇನೆ. ನಮ್ಮ ದಾರಿಯಲ್ಲಿ ದರದ ಬಹುಭಾಗ ತೀರ್ಮಾನವಾಗುವುದು ಯಾವ ದಿನ ಹಾರುತ್ತೇವೆ ಎಂಬುದರಿಂದ. ಆ ದಿನವನ್ನು ಎಷ್ಟು ಮುಂಚೆ ಗೊತ್ತುಮಾಡಿಕೊಂಡೆವು ಎಂಬುದು ಅದರ ಮುಂದಿನದು. ಆ್ಯಪ್ ತೆರೆಯುವ ಹೊತ್ತಿಗೆ ಕೆಲಸ ಬಹಳಷ್ಟು ಮುಗಿದಿರುತ್ತದೆ.

ದರ ಹೇಗೆ ಹುಟ್ಟುತ್ತದೆ ಎಂಬುದನ್ನು ಮೊದಲು ನೋಡಬೇಕು. ಶಂಕರಪುರದ ಮಲ್ಲಿಗೆಯನ್ನು ಬಲ್ಲ ನಿಮಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಹೂವು ಮಾರುವ ಅಳತೆಯಾದ ಅಟ್ಟೆಯ ದರ ದಿನದಿನಕ್ಕೆ ಬದಲಾಗುತ್ತದೆ, ಮದುವೆ ಹಬ್ಬಗಳ ಹಿಂದಿನ ದಿನ ಏರುತ್ತದೆ, ಸಂಜೆಗೆ ಬಾಡುವ ಹೂವನ್ನು ಕೂಡಿಟ್ಟು ನಾಳೆ ಮಾರಲು ಬರುವುದಿಲ್ಲ. ವಿಮಾನದ ಸೀಟೂ ಹಾಗೆಯೇ; ಬಾಗಿಲು ಮುಚ್ಚಿದ ಮೇಲೆ ಖಾಲಿ ಸೀಟಿಗೆ ಬೆಲೆಯಿಲ್ಲ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಹೂವು ಅಂದಂದೇ ಮಾರಾಟವಾಗುತ್ತದೆ, ಸೀಟು ಹಲವು ತಿಂಗಳು ಮುಂಚಿನಿಂದ ಮಾರಾಟಕ್ಕಿರುತ್ತದೆ. ಹೀಗಾಗಿ ಕಂಪನಿಯವರ ಮುಂದೆ ದಿನವೂ ಒಂದು ಪ್ರಶ್ನೆ: ಈ ಸೀಟನ್ನು ಇವತ್ತೇ ಕಡಿಮೆಗೆ ಕೊಟ್ಟುಬಿಡಬೇಕೋ, ನಾಳೆ ಹೆಚ್ಚು ಕೊಡುವವರಿಗಾಗಿ ಇಟ್ಟುಕೊಳ್ಳಬೇಕೋ? ಬ್ರಿಟನ್ನಿನ ಬಿಒಎಸಿ ವಿಮಾನ ಕಂಪನಿಯಲ್ಲಿದ್ದ ಕೆನ್ ಲಿಟಲ್‌ವುಡ್ 1972ರಲ್ಲಿ ಇದಕ್ಕೊಂದು ಗಣಿತದ ಉತ್ತರ ಬರೆದರು. ಮುಂದೆ ಪೂರ್ಣ ದರ ಕೊಡುವವರು ಬಂದಾರೆಂಬ ನಿರೀಕ್ಷೆಯ ಬೆಲೆಗಿಂತ ಇಂದಿನ ಅಗ್ಗದ ದರ ಹೆಚ್ಚಿದ್ದರೆ ಮಾತ್ರ ಮಾರು ಎಂಬುದು ಅದರ ತಿರುಳು. 1985ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಇದೇ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಬಳಸಿ, ಪೀಪಲ್ ಎಕ್ಸ್‌ಪ್ರೆಸ್ ಎಂಬ ಅಗ್ಗದ ಕಂಪನಿಯನ್ನು ಎದುರಿಸಲು ಮುಂಗಡ ಕೊಳ್ಳುವವರಿಗೆ ಮಾತ್ರ ಭಾರಿ ರಿಯಾಯಿತಿ ತಂದಿತು. ಮುಂಚೆ ಕೊಂಡವರು ರಜೆಯವರು, ಕೊನೆಗೆ ಕೊಂಡವರು ಅಗತ್ಯದವರು ಎಂದು ಗಿರಾಕಿಗಳನ್ನು ಬೇರೆಮಾಡುವ ಉಪಾಯ ಅದು. ಪೀಪಲ್ ಎಕ್ಸ್‌ಪ್ರೆಸ್ ಎರಡು ವರ್ಷದೊಳಗೆ ಇನ್ನೊಂದು ಕಂಪನಿಯಲ್ಲಿ ಲೀನವಾಯಿತು. ಆ ಉಪಾಯ ಇಂದಿಗೂ ಎಲ್ಲ ಕಂಪನಿಗಳಲ್ಲೂ ನಡೆಯುತ್ತಿದೆ. ಒಂದೇ ವಿಮಾನದ, ಒಂದೇ ಬಗೆಯ ಸೀಟುಗಳು ಹಲವು ದರಗಳ ಗುಂಪುಗಳಾಗಿ ಹಂಚಿಹೋಗಿರುತ್ತವೆ. ಕೆಳಗಿನ ಗುಂಪು ಮುಗಿದರೆ ಮೇಲಿನದು ತೆರೆಯುತ್ತದೆ. ಮಾರಾಟ ನಿಧಾನವಾದರೆ ಕೆಳಗಿನದು ಮತ್ತೆ ತೆರೆದೀತು.

ಈಗ ನಮ್ಮ ದಾರಿಗೆ ಬರೋಣ. 2006ರ ಅಕ್ಟೋಬರಿನಲ್ಲಿ ಮಂಗಳೂರಿನಿಂದ ದುಬೈಗೆ ನೇರ ಹಾರಾಟ ಶುರುವಾಯಿತು. ಬಜಪೆಯದು ಗುಡ್ಡದ ಮೇಲಿನ, 2,450 ಮೀಟರ್ ಉದ್ದದ ರನ್‌ವೇ. ಅಗಲ ಮೈಯ ದೊಡ್ಡ ವಿಮಾನಗಳು ಅಲ್ಲಿಗೆ ಬರುವುದಿಲ್ಲ. ಗಲ್ಫಿನ ದಾರಿಯಲ್ಲಿ ಬರುವುದು ಹೆಚ್ಚಾಗಿ ನೂರ ಎಂಬತ್ತರ ಆಸುಪಾಸಿನ ಸೀಟುಗಳ ವಿಮಾನ. ಗಲ್ಫಿನ ಕಂಪನಿಗಳೂ ಅಲ್ಲಿಗೆ ಬರುವುದಿಲ್ಲ, ಹಾರುವುದು ಭಾರತದ ಕಂಪನಿಗಳು ಮಾತ್ರ. ಸೀಟುಗಳ ಸಂಖ್ಯೆ ಹೀಗೆ ಮೊದಲೇ ಬಿಗಿಯಾಗಿದೆ. ಇದರ ಎದುರಿಗೆ ಬೇಡಿಕೆಯ ಆಕಾರ ನೋಡಿ. ಯುಎಇಯ ಶಾಲೆಗಳಿಗೆ ಜೂನ್ ಕೊನೆ ಅಥವಾ ಜುಲೈ ಮೊದಲಿಗೆ ರಜೆ, ಆಗಸ್ಟ್ ಕೊನೆಗೆ ಮತ್ತೆ ಆರಂಭ. ಕರಾವಳಿಯವರು, ಕೇರಳದವರು, ತಮಿಳುನಾಡಿನವರು, ಆಂಧ್ರದವರು, ಮುಂಬೈಯವರು ಎಲ್ಲರೂ ಒಂದೇ ಹದಿನೈದು ದಿನದಲ್ಲಿ ಹೊರಡುತ್ತಾರೆ, ಇನ್ನೊಂದು ಹದಿನೈದು ದಿನದಲ್ಲಿ ಮರಳುತ್ತಾರೆ. ಈದ್, ಡಿಸೆಂಬರಿನ ಕ್ರಿಸ್ಮಸ್ ರಜೆ ಇದೇ ಚಿತ್ರದ ಚಿಕ್ಕ ರೂಪಗಳು. ಈದ್ ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುವುದರಿಂದ ಕಳೆದ ವರ್ಷದ ದಿನಾಂಕ ನೆಚ್ಚಿ ಟಿಕೆಟ್ ನೋಡುವವರು ಮೋಸಹೋಗುತ್ತಾರೆ.

ಈ ಜನಪ್ರವಾಹ ಒಂದೇ ದಿಕ್ಕಿನದು ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಜುಲೈ ಮೊದಲ ವಾರ ದುಬೈಯಿಂದ ಮಂಗಳೂರಿಗೆ ಬರುವ ವಿಮಾನ ತುಂಬಿರುತ್ತದೆ, ಅದೇ ವಿಮಾನ ಮಂಗಳೂರಿನಿಂದ ದುಬೈಗೆ ಮರಳುವಾಗ ಸೀಟುಗಳು ಉಳಿದಿರುತ್ತವೆ. ಆಗಸ್ಟ್ ಕೊನೆಗೆ ಇದು ತಿರುಗುಮುರುಗು. ಮಕ್ಕಳಿಗೆ ಶಾಲೆ ಶುರುವಾಗುವ ದಿನ ಬದಲಾಯಿಸಲು ಬರುವುದಿಲ್ಲವಾದ್ದರಿಂದ ಮರಳುವ ಟಿಕೆಟ್ಟೇ ಹೆಚ್ಚು ಬಿಗಿ ಎಂಬುದು ನನ್ನ ಅನಿಸಿಕೆ. ಹೊರಡುವ ದಿನವನ್ನು ಒಂದು ವಾರ ಅತ್ತಿತ್ತ ಸರಿಸಲು ಕೆಲವರಿಗಾದರೂ ಸಾಧ್ಯ, ಮರಳುವುದನ್ನು ಸರಿಸುವುದು ಹೆಚ್ಚಿನವರಿಗೆ ಆಗದು. ಆದರೆ ನಾವು ಮಾಡುವುದು ಉಲ್ಟಾ: ಹೊರಡುವ ಟಿಕೆಟ್‌ಗಾಗಿ ತಿಂಗಳುಗಟ್ಟಲೆ ಚರ್ಚೆ ಮಾಡಿ, ಮರಳುವುದನ್ನು ಊರಿಗೆ ಹೋದಮೇಲೆ ನೋಡೋಣ ಎಂದು ಬಿಡುತ್ತೇವೆ.

ಹಾಗಾದರೆ ಜುಲೈಯಲ್ಲೇ ಹೋಗಬೇಕಾದವರು ಯಾರು? ಶಾಲೆಗೆ ಹೋಗುವ ಮಕ್ಕಳಿರುವ ಸಂಸಾರಗಳು. ಅವರಿಗೆ ಬೇರೆ ದಾರಿಯಿಲ್ಲ. ಆದರೆ ನಮ್ಮಲ್ಲಿ ಒಂಟಿಯಾಗಿ ಕ್ಯಾಂಪುಗಳಲ್ಲಿ, ಬ್ಯಾಚುಲರ್ ಕೋಣೆಗಳಲ್ಲಿ ಇರುವವರು ಸಾವಿರಾರು ಮಂದಿ. ಮಕ್ಕಳು ಊರಿನಲ್ಲೇ ಓದುತ್ತಿದ್ದರೆ ಅವರ ದೊಡ್ಡ ರಜೆ ಏಪ್ರಿಲ್-ಮೇಯಲ್ಲಿ, ಇಲ್ಲವೇ ದಸರೆಗೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ತುಳುನಾಡಿಗೆ ಆಟಿ ತಿಂಗಳು. ಮದುವೆ ಮುಂಜಿಗಳಿಲ್ಲ, ಕೋಲ ನೇಮಗಳಿಲ್ಲ, ಮಳೆಯಲ್ಲಿ ಮನೆಯ ಕಟ್ಟಡ ರಿಪೇರಿಯೂ ನಡೆಯುವುದಿಲ್ಲ. ಹೀಗಿದ್ದೂ ಸ್ನೇಹಿತರು ಹೊರಟರೆಂದು, ಕಂಪನಿಯಲ್ಲಿ ಆಗ ಕೆಲಸ ಕಡಿಮೆಯೆಂದು ಇವರೂ ಜುಲೈಯನ್ನೇ ಆರಿಸಿಕೊಂಡು ವರ್ಷದ ಅತಿ ದುಬಾರಿ ಸೀಟಿಗೆ ಪೈಪೋಟಿ ಮಾಡುತ್ತಾರೆ. ಫೆಬ್ರವರಿ, ಸೆಪ್ಟೆಂಬರಿನ ಎರಡನೇ ಭಾಗ, ದೀಪಾವಳಿ ಕಳೆದ ನವೆಂಬರ್, ರಂಜಾನ್‌ನ ಮೊದಲ ಎರಡು ವಾರ (ಹಬ್ಬಕ್ಕೆ ಊರು ಸೇರಲೇಬೇಕಾದವರ ಮಾತು ಬೇರೆ) ಸಾಮಾನ್ಯವಾಗಿ ದರ ಇಳಿದಿರುವ ಕಾಲ. ಇವರು ಆ ತಿಂಗಳುಗಳಿಗೆ ಸರಿದರೆ ತಮ್ಮ ಹಣ ಉಳಿಯುವುದಲ್ಲದೆ, ಸರಿಯಲಾಗದ ಸಂಸಾರಗಳಿಗೆ ಜುಲೈಯ ಕೆಲವು ಸೀಟುಗಳೂ ಉಳಿಯುತ್ತವೆ. ಹುಡುಕುವ ಯಾವ ಜಾಣತನದಿಂದಲೂ ಇಷ್ಟು ಉಳಿತಾಯ ಬಾರದು.

ವಾರದ ದಿನದ ವಿಚಾರವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಯುಎಇ 2022ರ ಜನವರಿಯಿಂದ ವಾರದ ರಜೆಯನ್ನು ಶನಿವಾರ-ಭಾನುವಾರಕ್ಕೆ ಬದಲಾಯಿಸಿ ಶುಕ್ರವಾರವನ್ನು ಅರ್ಧ ದಿನ ಮಾಡಿತು. ಆದ್ದರಿಂದ ಅಲ್ಲಿಂದ ಹೊರಡುವವರ ನೂಕುನುಗ್ಗಲು ಈಗ ಶುಕ್ರವಾರದ ಕಡೆ. ಕುವೈತ್, ಕತಾರ್, ಒಮಾನ್, ಸೌದಿಗಳಲ್ಲಿ ಶುಕ್ರವಾರ-ಶನಿವಾರದ ರಜೆಯೇ ಮುಂದುವರಿದಿದೆ, ಅಲ್ಲಿ ಗುರುವಾರ ರಾತ್ರಿ ಬಿಗಿ. ವಾರದ ನಡುವಿನ ದಿನ ಹಾರಿದರೆ ಅಗ್ಗ ಎಂಬ ಮಾತಿನಲ್ಲಿ ಹುರುಳಿದೆ. ಮಂಗಳವಾರ ಕೊಂಡರೆ ಅಗ್ಗ ಎಂಬ ಮಾತಿನಲ್ಲಿ ಇಲ್ಲ. ಎರಡನ್ನೂ ಬೆರೆಸಿ ಗೊಂದಲ ಮಾಡಿಕೊಂಡವರು ಬಹಳ.

ಇನ್ನು ಯಾವಾಗ ಕೊಳ್ಳಬೇಕು? ಜುಲೈಗೆ ಹೋಗಲೇಬೇಕಾದವರು ಫೆಬ್ರವರಿ-ಮಾರ್ಚಿನೊಳಗೆ ತೀರ್ಮಾನಿಸಿ ಕೊಳ್ಳಬೇಕು, ಮರಳುವ ಟಿಕೆಟ್ಟನ್ನು ಮೊದಲು ಕೊಳ್ಳಬೇಕು ಎಂಬುದು ನನ್ನ ಸಲಹೆ. ಅಗ್ಗದ ಕಂಪನಿಗಳು ಹೋಗುವ ಬರುವ ದರಗಳನ್ನು ಬೇರೆ ಬೇರೆಯಾಗಿಯೇ ಇಡುವುದರಿಂದ ಎರಡನ್ನೂ ಒಟ್ಟಿಗೆ ಕೊಳ್ಳಬೇಕೆಂದಿಲ್ಲ, ಒಂದೇ ಕಂಪನಿಯಲ್ಲಿ ಕೊಳ್ಳಬೇಕೆಂದೂ ಇಲ್ಲ. ಸಾಧಾರಣ ತಿಂಗಳಿಗಾದರೆ ಇಷ್ಟು ಮುಂಚೆ ಕೊಳ್ಳುವ ಅಗತ್ಯವಿಲ್ಲ. ಸೀಟು ಮಾರಾಟಕ್ಕೆ ಬಿಟ್ಟ ಮೊದಲ ದಿನದ ದರ ಹಲವು ಸಲ ನಡುವಿನದೇ ಆಗಿರುತ್ತದೆ, ಏಕೆಂದರೆ ಬೇಡಿಕೆ ಹೇಗಿರುತ್ತದೆಂದು ಕಂಪನಿಗೇ ಆಗ ಗೊತ್ತಿರುವುದಿಲ್ಲ. ಮೂರು ತಿಂಗಳಿನಿಂದ ಮೂರು ವಾರದ ನಡುವೆ ದರ ಗಮನಿಸುತ್ತಾ ಇದ್ದು, ಒಪ್ಪಿಗೆಯಾದಾಗ ಕೊಂಡರೆ ಸಾಕು. ಒಪ್ಪಿಗೆ ಎನ್ನಬೇಕಾದರೆ ನಿಮ್ಮ ದಾರಿಯ ಸಾಧಾರಣ ದರ ನಿಮಗೆ ಗೊತ್ತಿರಬೇಕು. ಗೂಗಲ್ ಫ್ಲೈಟ್ಸ್‌ನಂಥ ತಾಣದಲ್ಲಿ ದಿನಾಂಕವಾರು ದರದ ನಕ್ಷೆ ಸಿಗುತ್ತದೆ, ದರ ಬದಲಾದರೆ ಸೂಚನೆ ಕಳಿಸುವಂತೆಯೂ ಮಾಡಿಡಬಹುದು. ಅಲ್ಲಿ ನೋಡಿ, ಕೊಳ್ಳುವ ಮುಂಚೆ ಕಂಪನಿಯ ಸ್ವಂತ ತಾಣದ ದರಕ್ಕೂ ನಂಬಿಕೆಯ ಟ್ರಾವೆಲ್ಸ್‌ನವರ ದರಕ್ಕೂ ಹೋಲಿಸಿ. ಟ್ರಾವೆಲ್ಸ್‌ನವರನ್ನು ಪೂರ್ತಿ ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಸೀಸನ್ನಿಗೆ ಮೊದಲೇ ಗುಂಪು ದರದಲ್ಲಿ ಸೀಟು ಹಿಡಿದಿಟ್ಟವರ ಬಳಿ ಕೆಲವೊಮ್ಮೆ ತಾಣದಲ್ಲಿ ಕಾಣದ ದರ ಇರುತ್ತದೆ.

ದರದ ಗುಂಪುಗಳ ಬಗ್ಗೆ ಮೇಲೆ ಹೇಳಿದ ವಿಷಯದಿಂದ ಸಂಸಾರಸ್ಥರಿಗೆ ಒಂದು ನೇರ ಪ್ರಯೋಜನವಿದೆ. ನಾಲ್ವರಿಗೆ ಒಟ್ಟಿಗೆ ಟಿಕೆಟ್ ಹುಡುಕಿದಾಗ, ನಾಲ್ಕೂ ಸೀಟು ಸಿಗುವ ಗುಂಪಿನ ದರವನ್ನು ಕಂಪ್ಯೂಟರ್ ಎಲ್ಲರಿಗೂ ತೋರಿಸುವುದು ವಾಡಿಕೆ. ಕೆಳಗಿನ ಗುಂಪಿನಲ್ಲಿ ಎರಡೇ ಸೀಟು ಉಳಿದಿದ್ದರೆ ಅವೆರಡೂ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಒಬ್ಬರಿಗೆ, ಇಬ್ಬರಿಗೆ, ನಾಲ್ವರಿಗೆ ಎಂದು ಬೇರೆ ಬೇರೆಯಾಗಿ ಹುಡುಕಿ ನೋಡಿ. ವ್ಯತ್ಯಾಸ ಕಂಡರೆ ಎರಡು ಟಿಕೆಟ್ಟುಗಳಾಗಿ ಒಡೆದು ಕೊಳ್ಳಿ. ಮಕ್ಕಳನ್ನು ಮಾತ್ರ ದೊಡ್ಡವರೊಬ್ಬರ ಜತೆಗಿರುವಂತೆ ನೋಡಿಕೊಳ್ಳಬೇಕು, ಹಾರಾಟ ರದ್ದಾದಾಗ ಎರಡೂ ಟಿಕೆಟ್ಟುಗಳನ್ನು ಒಂದೇ ವಿಮಾನಕ್ಕೆ ಹಾಕಿಸಲು ನೀವೇ ಓಡಾಡಬೇಕಾದೀತು. ತೋರಿಸಿದ ದರದಲ್ಲಿ ಲಗೇಜು ಸೇರಿದೆಯೇ ಎಂಬುದನ್ನೂ ನೋಡಿ. ಕೈಚೀಲಕ್ಕೆ ಮಾತ್ರ ಅವಕಾಶವಿರುವ ಅಗ್ಗದ ದರಗಳು ಈಗ ನಮ್ಮ ದಾರಿಯಲ್ಲೂ ಇವೆ. ಎರಡು ವಾರಕ್ಕೆ ಒಂಟಿಯಾಗಿ ಬರುವವರಿಗೆ ಅದು ಲಾಭ. ಮನೆಮಂದಿಗೆಲ್ಲ ಸಾಮಾನು ಕಟ್ಟಿ ತರುವವರು ಕೌಂಟರಿನಲ್ಲಿ ಕಿಲೋ ಲೆಕ್ಕದಲ್ಲಿ ಹಣ ತೆತ್ತರೆ ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತದೆ.

ಇಷ್ಟು ಮುಂಚೆ ಕೊಂಡು, ರಜೆಯೇ ರದ್ದಾದರೆ ಏನು ಗತಿ? ಎಲ್ಲರೂ ಕೇಳುವ, ಕೇಳಲೇಬೇಕಾದ ಪ್ರಶ್ನೆ ಇದು. ಲೆಕ್ಕ ಹಾಕಿಯೇ ಉತ್ತರಿಸುತ್ತೇನೆ. ಅಂಕಿಗಳು ಲೆಕ್ಕದ ಸಲುವಾಗಿ ಇಟ್ಟುಕೊಂಡವು. ಮುಂಚೆ ಕೊಂಡರೆ 700 ದಿರ್ಹಮ್, ಸೀಸನ್ನಿನಲ್ಲಿ ಕೊಂಡರೆ 1,500, ದಿನಾಂಕ ಬದಲಾಯಿಸಲು ಶುಲ್ಕ 200 ಎಂದಿರಲಿ. ದಿನಾಂಕ ಬದಲಾಯಿಸಬೇಕಾಗಿ ಬಂದರೆ ದರದ ವ್ಯತ್ಯಾಸವೂ ಸೇರಿ ಒಟ್ಟು 1,700 ಆಗುತ್ತದೆ. ರಜೆ ಅತ್ತಿತ್ತ ಸರಿಯುವ ಸಂಭವ ನಾಲ್ಕರಲ್ಲಿ ಒಂದು ಎಂದುಕೊಂಡರೆ ಸರಾಸರಿ ಖರ್ಚು 950. ಕಾದು ಕೊಳ್ಳುವವನಿಗೆ 1,500 ಖಚಿತ. ಈ ಲೆಕ್ಕದಲ್ಲಿ ಕಾಯುವುದು ಲಾಭವಾಗಬೇಕಾದರೆ ರಜೆ ಬದಲಾಗುವ ಸಂಭವ ಐದರಲ್ಲಿ ನಾಲ್ಕಕ್ಕಿಂತ ಹೆಚ್ಚಿರಬೇಕು. ಅಷ್ಟು ಅನಿಶ್ಚಿತ ರಜೆ ಕೆಲವರದಷ್ಟೆ. ಪ್ರಯಾಣವೇ ರದ್ದಾದರೂ ಎಲ್ಲ ಹಣ ಹೋಗಬೇಕಿಲ್ಲ. ಭಾರತದ ಕಂಪನಿಗಳಿಗೆ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ 2016ರಲ್ಲಿ ತಂದ ನಿಯಮದಂತೆ ರದ್ದತಿ ಶುಲ್ಕ ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತವನ್ನು ಮೀರುವಂತಿಲ್ಲ. ಸರ್ಕಾರಿ ತೆರಿಗೆ, ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕ ಇವನ್ನು ಟಿಕೆಟ್ ರದ್ದಾದರೂ, ಬಳಸದೆ ಉಳಿದರೂ, ಹಣ ವಾಪಸಿಲ್ಲ ಎಂದು ಬರೆದ ರಿಯಾಯಿತಿ ಟಿಕೆಟ್ ಆದರೂ ಮರಳಿಸಲೇಬೇಕು. ಹಾರಾಟಕ್ಕೆ ಏಳು ದಿನ ಅಥವಾ ಹೆಚ್ಚಿದ್ದರೆ, ಕೊಂಡ 24 ಗಂಟೆಯೊಳಗೆ ಶುಲ್ಕವಿಲ್ಲದೆ ರದ್ದುಮಾಡುವ ಅವಕಾಶವನ್ನೂ ಡಿಜಿಸಿಎ ಕೊಟ್ಟಿತು; ಅದನ್ನು 48 ಗಂಟೆಗೆ ಏರಿಸುವ ಕರಡು 2025ರ ನವೆಂಬರಿನಲ್ಲಿ ಹೊರಬಂತು. ಕೇಳದಿದ್ದರೆ ಈ ಹಣ ಬಹಳ ಸಲ ಅಲ್ಲೇ ಉಳಿಯುತ್ತದೆ, ಆದ್ದರಿಂದ ದಯವಿಟ್ಟು ಕೇಳಿ.

ಕೊನೆಯ ಗಳಿಗೆಯಲ್ಲಿ ಖಾಲಿ ಸೀಟುಗಳನ್ನು ಅಗ್ಗಕ್ಕೆ ಬಿಟ್ಟುಕೊಡುತ್ತಾರೆ ಎನ್ನುವವರಿದ್ದಾರೆ. ಬೇಡಿಕೆ ಬಿದ್ದ ತಿಂಗಳುಗಳಲ್ಲಿ, ಏಜೆಂಟರು ಹಿಡಿದಿಟ್ಟ ಸೀಟು ಹಿಂತಿರುಗಿಸಿದಾಗ ಹಾಗಾಗುವುದುಂಟು. ಆದರೆ ನಮ್ಮ ದಾರಿಯಲ್ಲಿ ಕೊನೆಗೆ ಕೊಳ್ಳುವವರು ಯಾರೆಂದು ಕಂಪನಿಗಳಿಗೆ ಚೆನ್ನಾಗಿ ಗೊತ್ತಿದೆ: ತಂದೆ ತೀರಿಕೊಂಡವರು, ವೀಸಾ ಮುಗಿಯುತ್ತಿರುವವರು, ನಾಳೆ ಕೆಲಸಕ್ಕೆ ಹಾಜರಾಗಬೇಕಾದವರು. ಎಷ್ಟಾದರೂ ಕೊಡುವ ಇಂಥವರಿಗಾಗಿ ಸೀಟು ಇಟ್ಟುಕೊಳ್ಳುವುದೇ ಲಿಟಲ್‌ವುಡ್ ಲೆಕ್ಕದ ಉದ್ದೇಶ. ಜುಲೈಯಲ್ಲಿ ದರ ಇಳಿಯುತ್ತದೆಂದು ಕಾಯುವವರು ಆ ಲೆಕ್ಕದ ವಿರುದ್ಧ ಪಣ ಕಟ್ಟುತ್ತಾರೆ. ಮತ್ತೆ ಮತ್ತೆ ಹುಡುಕಿದರೆ ನಮ್ಮ ಗುರುತು ಹಿಡಿದು ದರ ಏರಿಸುತ್ತಾರೆ ಎಂಬುದಕ್ಕೂ ಗಟ್ಟಿ ಪುರಾವೆ ಸಿಕ್ಕಿಲ್ಲ. ನೀವು ನೋಡಿ ಯೋಚಿಸುವಷ್ಟರಲ್ಲಿ ಕೆಳಗಿನ ಗುಂಪಿನ ಸೀಟನ್ನು ಇನ್ನೊಬ್ಬರು ಕೊಂಡಿರುತ್ತಾರೆ, ಅಥವಾ ತಾಣ ತೋರಿಸಿದ್ದೇ ಹಳೆಯ ದರವಾಗಿರುತ್ತದೆ. ಗುರುತು ಮುಚ್ಚಿ ಹುಡುಕಿದರೆ ನಷ್ಟವೇನಿಲ್ಲ, ಆದರೆ ಅದನ್ನೇ ನೆಚ್ಚಿಕೊಂಡು ಕೊಳ್ಳುವುದನ್ನು ಮುಂದೂಡಿದರೆ ನಷ್ಟವಿದೆ.

ಇದಕ್ಕಿಂತ ಭಾರವಾದ ಆಕ್ಷೇಪ ಇನ್ನೊಂದಿದೆ. ರಜೆ ನಮ್ಮ ಕೈಯಲ್ಲೆಲ್ಲಿದೆ, ಕಂಪನಿಯವರು ಹೋಗೆಂದಾಗ ಹೋಗಬೇಕು ಎಂಬುದು ಕಟ್ಟಡ ಕೆಲಸದಲ್ಲಿ, ಅಂಗಡಿ ಹೋಟೆಲುಗಳಲ್ಲಿ, ಮನೆಗೆಲಸದಲ್ಲಿ ಇರುವವರ ಮಾತು. ಇದು ನಿಜ, ಮತ್ತು ನನ್ನ ವಾದದ ಮಿತಿಯೂ ಇಲ್ಲಿದೆ. ಆದರೆ ಇರುವ ಹಕ್ಕನ್ನಾದರೂ ತಿಳಿದಿರಬೇಕು. 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಯುಎಇಯ ಖಾಸಗಿ ವಲಯದ ಕಾರ್ಮಿಕ ಕಾಯ್ದೆಯಂತೆ, ಒಂದು ವರ್ಷ ಸೇವೆ ಮುಗಿಸಿದವರಿಗೆ ವರ್ಷಕ್ಕೆ 30 ದಿನದ ಸಂಬಳಸಹಿತ ರಜೆ ಇದೆ. ಕೆಲಸದ ಅಗತ್ಯ ನೋಡಿ ದಿನಾಂಕ ಗೊತ್ತುಮಾಡುವ ಅಧಿಕಾರ ಮಾಲೀಕರಿಗಿದ್ದರೂ ಅದನ್ನು ಕನಿಷ್ಠ ಒಂದು ತಿಂಗಳು ಮುಂಚೆ ತಿಳಿಸಬೇಕು. ಒಂದು ತಿಂಗಳು ಸಾಕಾಗದು, ಒಪ್ಪುತ್ತೇನೆ; ಆದರೆ ಹಿಂದಿನ ವಾರ ಹೇಳುವುದಕ್ಕಿಂತ ಎಷ್ಟೋ ಮೇಲು. ಟಿಕೆಟ್ಟನ್ನು ಕಂಪನಿಯೇ ಕೊಡುವ ಕರಾರಿದ್ದರೆ ಅದರ ಮೊತ್ತವನ್ನು ಮೊದಲೇ ನಗದಾಗಿ ಕೇಳಿ ನೋಡಿ. ಜನವರಿಯಲ್ಲೇ ಲಿಖಿತವಾಗಿ ರಜೆ ಕೇಳಿದವನಿಗೆ ಸಿಗದಿರಬಹುದು, ಮೇ ತಿಂಗಳಲ್ಲಿ ಬಾಯಿಮಾತಿನಲ್ಲಿ ಕೇಳಿದವನಿಗೆ ಸಿಗುವ ಸಂಭವ ಇನ್ನೂ ಕಡಿಮೆ. ಮೇಲ್ವಿಚಾರಕರ, ಮ್ಯಾನೇಜರರ ಸ್ಥಾನದಲ್ಲಿ ನಮ್ಮ ಕರಾವಳಿಯವರೇ ಎಷ್ಟೋ ಮಂದಿ ಇದ್ದೀರಿ. ನಿಮ್ಮ ಕೈಕೆಳಗಿನವರ ರಜೆಪಟ್ಟಿಯನ್ನು ವರ್ಷದ ಆರಂಭದಲ್ಲೇ ಸಿದ್ಧಮಾಡಿದರೆ ಅವರಿಗೆ ಒಂದು ತಿಂಗಳ ಸಂಬಳ ಉಳಿಸಿಕೊಟ್ಟಂತಾಗುತ್ತದೆ. ಇದನ್ನು ನಿಮ್ಮಲ್ಲಿ ವಿಶೇಷವಾಗಿ ಕೇಳಿಕೊಳ್ಳುತ್ತೇನೆ.

ಮಂಗಳೂರು ದುಬಾರಿಯಾದಾಗ ಬೇರೆ ನಿಲ್ದಾಣ ನೋಡುವವರು ದಾರಿಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. 2018ರ ಡಿಸೆಂಬರಿನಲ್ಲಿ ಆರಂಭವಾದ ಕಣ್ಣೂರು ನಿಲ್ದಾಣವನ್ನು ಕಾಸರಗೋಡು, ಕಾಞಂಗಾಡಿನವರು ನೋಡಬಹುದು. ಕಲ್ಲಿಕೋಟೆಯೂ ಇದೆ, ಆದರೆ ಕೇರಳದ ನಿಲ್ದಾಣಗಳಲ್ಲೂ ಜುಲೈಯ ನೂಕುನುಗ್ಗಲು ಇಷ್ಟೇ. ಕಾರವಾರ, ಅಂಕೋಲಾದವರು ಗೋವೆಯ ಎರಡು ನಿಲ್ದಾಣಗಳನ್ನು ನೋಡಬಹುದು. ಬೆಂಗಳೂರಿನ ಲಾಭ ಬೇರೆ ಬಗೆಯದು: ಅಲ್ಲಿಗೆ ಗಲ್ಫಿನ ಕಂಪನಿಗಳೇ ಹಾರುತ್ತವೆ, 2022ರ ಅಕ್ಟೋಬರಿನಿಂದ ಎಮಿರೇಟ್ಸ್ ಅತಿ ದೊಡ್ಡ ಎ380 ವಿಮಾನವನ್ನೂ ತರುತ್ತಿದೆ, ಸೀಟು ಹೆಚ್ಚಿರುವುದರಿಂದ ತುರ್ತಿಗೆ ಸಿಗುವ ಸಂಭವವೂ ಹೆಚ್ಚು. ಆದರೆ ಅಲ್ಲಿಂದ ರಾತ್ರಿ ಬಸ್ಸು, ಮಳೆಗಾಲದ ಘಟ್ಟ, ನಾಲ್ವರ ಖರ್ಚು, ಸಾಮಾನು ಇವನ್ನೆಲ್ಲ ಕೂಡಿಸಿದ ಮೇಲೂ ಉಳಿತಾಯ ಕಂಡರೆ ಮಾತ್ರ ಆ ದಾರಿ. ಒಂಟಿ ಪ್ರಯಾಣಿಕನಿಗೆ ಇದು ಹಲವು ಸಲ ಕೂಡಿಬರುತ್ತದೆ, ಮಕ್ಕಳೊಂದಿಗರಿಗೆ ಅಪರೂಪ.

ಇಷ್ಟನ್ನೂ ಓದಿ, ಲೂಟಿ ಮಾಡುವವರನ್ನು ಬಿಟ್ಟು ನಮಗೇ ಬುದ್ಧಿ ಹೇಳುತ್ತೀರಾ ಎಂದು ನೀವು ಸಿಟ್ಟಾದರೆ ಆ ಸಿಟ್ಟು ನ್ಯಾಯವಾದದ್ದು. ಸೀಟಿನ ಅಭಾವ ತಾನಾಗಿ ಆದದ್ದಲ್ಲ. ಎರಡು ದೇಶಗಳ ನಡುವೆ ವಾರಕ್ಕೆ ಎಷ್ಟು ಸೀಟು ಹಾರಬಹುದೆಂಬುದನ್ನು ಸರ್ಕಾರಗಳ ಒಪ್ಪಂದ ನಿರ್ಧರಿಸುತ್ತದೆ. ಭಾರತ ಮತ್ತು ದುಬೈ ನಡುವೆ 2014ರಲ್ಲಿ ಆದ ಒಪ್ಪಂದದಂತೆ ಪ್ರತಿ ಕಡೆಗೆ ವಾರಕ್ಕೆ ಸುಮಾರು 66 ಸಾವಿರ ಸೀಟು. ಆಮೇಲೆ ಅಲ್ಲಿನ ಭಾರತೀಯರ ಸಂಖ್ಯೆ ಎಷ್ಟು ಬೆಳೆಯಿತೆಂದು ನಿಮಗೇ ಗೊತ್ತು. ಇನ್ನೂ 50 ಸಾವಿರ ಸೀಟು ಬೇಕೆಂದು ಯುಎಇ ಕೇಳಿತ್ತು. ಗಲ್ಫಿನ ಕಂಪನಿಗಳು ನಮ್ಮ ಪ್ರಯಾಣಿಕರನ್ನು ತಮ್ಮ ಊರಿನ ಮೂಲಕ ಯುರೋಪು, ಅಮೆರಿಕಕ್ಕೆ ಒಯ್ಯುತ್ತವೆ, ಭಾರತದ ಕಂಪನಿಗಳು ನೇರವಾಗಿ ಅಲ್ಲಿಗೆ ಹಾರಿ ಬೆಳೆಯಬೇಕು ಎಂಬುದು ಹೆಚ್ಚಿನ ಸೀಟು ಕೊಡಲು ಹಿಂಜರಿಯುವ ದೆಹಲಿಯ ವಾದ. ಆ ವಾದಕ್ಕೆ ಬೆಲೆಯಿದೆ, ಆದರೆ ಅದರ ಖರ್ಚನ್ನು ದುಬೈಯಲ್ಲೇ ಇಳಿದು ದುಡಿಯುವ, ಎಂದೂ ಲಂಡನ್ನಿಗೆ ಹೋಗದ ಕಾರ್ಮಿಕರು ಭರಿಸುವುದು ನ್ಯಾಯವಲ್ಲ. ಮನಸ್ಸು ಮಾಡಿದರೆ ಮಿತಿ ಬದಲಾಗುತ್ತದೆ ಎಂಬುದಕ್ಕೆ ಕುವೈತ್ ಸಾಕ್ಷಿ: 2025ರ ಜುಲೈಯಲ್ಲಿ ಅಲ್ಲಿನ ಮಿತಿಯನ್ನು ವಾರಕ್ಕೆ 12,000 ಸೀಟಿನಿಂದ 18,000ಕ್ಕೆ ಏರಿಸಲಾಯಿತು.

ದರಕ್ಕೇ ಮಿತಿ ಹಾಕಲಿ ಎಂಬ ಬೇಡಿಕೆಯ ಬಗ್ಗೆ ಮಾತ್ರ ನನಗೆ ಅಷ್ಟು ಭರವಸೆಯಿಲ್ಲ. ಕೋವಿಡ್ ಕಾಲದಲ್ಲಿ, 2020ರ ಮೇ ತಿಂಗಳಿನಿಂದ 2022ರ ಆಗಸ್ಟ್‌ವರೆಗೆ, ದೇಶದೊಳಗಿನ ಹಾರಾಟಕ್ಕೆ ಮಿತಿಯಿತ್ತು. ಮೇಲಿನ ಮಿತಿಯ ಜತೆಗೆ ಕೆಳಗಿನ ಮಿತಿಯೂ ಬಂತು, ಅಗ್ಗದ ಟಿಕೆಟ್ಟುಗಳೂ ಇಲ್ಲವಾದವು. 2025ರ ಡಿಸೆಂಬರಿನಲ್ಲಿ ಇಂಡಿಗೋ ಹಾರಾಟಗಳು ಸಾಲುಸಾಲಾಗಿ ರದ್ದಾದಾಗ ಸರ್ಕಾರ 500 ಕಿಲೋಮೀಟರ್‌ವರೆಗೆ 7,500 ರೂಪಾಯಿ, 1,500 ಕಿಲೋಮೀಟರ್ ಮೀರಿದರೆ 18,000 ರೂಪಾಯಿ ಎಂದು ತಾತ್ಕಾಲಿಕ ಮಿತಿ ಹಾಕಿತು. ಅದೂ ದೇಶದೊಳಗಿನ ಹಾರಾಟಕ್ಕೆ. ದಾರಿವಾರು ಮಿತಿ ಬೇಕೆಂದು ಸಂಸತ್ತಿನ ಸ್ಥಾಯಿ ಸಮಿತಿ 2024ರ ಫೆಬ್ರವರಿಯಲ್ಲೇ ಶಿಫಾರಸು ಮಾಡಿದೆ. ಸಂಕಟದ ದಿನಗಳಲ್ಲಿ, ಸಾವಿನ ತುರ್ತಿನಲ್ಲಿ ಹೊರಡುವವರಿಗೆ ಮಿತಿ ಇರಲೇಬೇಕೆಂದು ನಾನೂ ಹೇಳುತ್ತೇನೆ. ಆದರೆ ಸೀಟು ಹೆಚ್ಚಿಸದೆ ಜುಲೈಯ ದರ ಮಾತ್ರ ಇಳಿಸಿದರೆ ಮೊದಲು ಕೊಂಡವರಿಗೆ ಸೀಟು, ಉಳಿದವರಿಗೆ ಸೀಟೇ ಇಲ್ಲ. ಕೇಳುವುದಾದರೆ ಸೀಟನ್ನು ಕೇಳೋಣ: ದುಬೈಯ ಮಿತಿ ಏರಲಿ, ಗಲ್ಫಿನ ಕಂಪನಿಗಳ ಸಣ್ಣ ವಿಮಾನಗಳಿಗೂ ಮಂಗಳೂರಿನ ಬಾಗಿಲು ತೆರೆಯಲಿ, ಜುಲೈ-ಆಗಸ್ಟಿನಲ್ಲಿ ಹೆಚ್ಚುವರಿ ಹಾರಾಟ ಬರಲಿ. ಸರ್ಕಾರ ನಮ್ಮ ಮಾತಿಗೆ ಕಿವಿಗೊಡುವವರೆಗೆ ಕಾಯುತ್ತಾ ಜೂನ್‌ನಲ್ಲಿ ಟಿಕೆಟ್ ಕೊಳ್ಳಬೇಕಾಗಿಲ್ಲ. ಸೀಟು ಕೇಳುವುದು, ಮುಂಚೆ ಕೊಳ್ಳುವುದು ಎರಡೂ ಕೆಲಸ ಒಟ್ಟಿಗೆ ನಡೆಯಬಹುದು.

ತುರ್ತಿನಲ್ಲಿ ಹೊರಡುವವರಿಗೆ ಈ ಪತ್ರದ ಯಾವ ಲೆಕ್ಕವೂ ಒದಗುವುದಿಲ್ಲ. ಆ ಗಳಿಗೆಯಲ್ಲಿ ಅವರಿಗೆ ದರ ಹೋಲಿಸುವ ಮನಸ್ಸೂ ಇರುವುದಿಲ್ಲ. ಅಲ್ಲಿ ಗಲ್ಫಿನಲ್ಲಿರುವ ನಮ್ಮ ಕರಾವಳಿ ಸಂಘಗಳವರೇ ಮುಂದೆ ಬರಬೇಕು: ಬೆಂಗಳೂರು, ಕಣ್ಣೂರು, ಕಲ್ಲಿಕೋಟೆ, ಗೋವಾ, ಮುಂಬೈ ಎಲ್ಲವನ್ನೂ ಒಬ್ಬರು ನೋಡಿಕೊಡಬೇಕು, ಕೈಯಲ್ಲಿ ಹಣವಿಲ್ಲದವರನ್ನು ರಾಯಭಾರ ಕಚೇರಿಯವರೆಗೆ ಕರೆದೊಯ್ಯಬೇಕು. ಅಲ್ಲಿ 2009ರಿಂದ ಇರುವ ಭಾರತೀಯ ಸಮುದಾಯ ಕಲ್ಯಾಣ ನಿಧಿ ದಿಕ್ಕಿಲ್ಲದವರ ಟಿಕೆಟ್ಟಿಗೂ ಮೃತದೇಹ ಊರಿಗೆ ತಲುಪಿಸುವುದಕ್ಕೂ ನೆರವಾಗುತ್ತದೆ. ಎಷ್ಟೋ ಮಂದಿಗೆ ಇದರ ಹೆಸರೇ ಗೊತ್ತಿಲ್ಲ.

ಗಲ್ಫಿನಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ, ನವಾಯತ ಸಂಘಟನೆಗಳಿಗೆ ಬರವಿಲ್ಲ. ಪ್ರತಿ ಸಂಘವೂ ಜನವರಿಯಲ್ಲೇ ತನ್ನ ಸದಸ್ಯರಿಂದ ಎರಡು ವಿವರ ಕೇಳಿ ಬರೆದುಕೊಳ್ಳಲಿ ಎಂಬುದು ನನ್ನ ಕೋರಿಕೆ: ಯಾವ ವಾರ ಊರಿಗೆ ಹೊರಡುತ್ತೀರಿ, ಯಾವ ವಾರ ಮರಳುತ್ತೀರಿ. ವಿಮಾನ ಕಂಪನಿಗಳ ಬೇಸಿಗೆ ವೇಳಾಪಟ್ಟಿ ಮಾರ್ಚ್ ಕೊನೆಯ ಭಾನುವಾರದಿಂದ ಜಾರಿಗೆ ಬರುತ್ತದೆ. ಅದಕ್ಕೆ ಮೊದಲೇ ಎಲ್ಲ ಸಂಘಗಳ ಲೆಕ್ಕ ಕೂಡಿಸಿ, ಇಂಥ ವಾರ ದುಬೈಯಿಂದ ಮಂಗಳೂರಿಗೆ ಇಷ್ಟು ಮಂದಿ, ಅಬುಧಾಬಿಯಿಂದ ಇಷ್ಟು ಮಂದಿ ಎಂದು ಕಂಪನಿಗಳಿಗೂ ಕರಾವಳಿಯ ಸಂಸದರಿಗೂ ಮಂಗಳೂರು ವಿಮಾನ ನಿಲ್ದಾಣದವರಿಗೂ ಕೊಡಬಹುದು. ಟಿಕೆಟ್ ದುಬಾರಿ ಎಂಬ ಮನವಿಪತ್ರಗಳು ಅವರ ಮೇಜಿನ ಮೇಲೆ ಬೇಕಾದಷ್ಟಿವೆ; ದಿನಾಂಕವಾರು ಪ್ರಯಾಣಿಕರ ಲೆಕ್ಕವಿದ್ದರೆ ಹೆಚ್ಚುವರಿ ಹಾರಾಟ ಕೇಳುವುದಕ್ಕೊಂದು ಆಧಾರ ಸಿಗುತ್ತದೆ. ಯಾರ ವಾರವನ್ನು ಯಾರು ಬಿಟ್ಟುಕೊಡಬಹುದು ಎಂಬುದೂ ಆ ಪಟ್ಟಿಯಲ್ಲೇ ಕಾಣುತ್ತದೆ. ಈ ಕೆಲಸಕ್ಕೆ ಮುಂದಾಗುವ ಸಂಘಗಳು ಮೊದಲು ಕ್ಯಾಂಪುಗಳಿಗೆ ಹೋಗಿ ಕೇಳಲಿ, ಫ್ಯಾಮಿಲಿ ಫ್ಲಾಟುಗಳಿಗೆ ಆಮೇಲೆ ಬರಲಿ.

ನಿಮ್ಮವನೇ ಆದ,
ಕರಾವಳಿಯ ಒಬ್ಬ ಬರಹಗಾರ